ಕಪ್ಪೆ ಕೂಗುವುದು ಗೇಟ್ ಹಾಕಿದ ಮೇಲೆ

ಹಾಸನದವರಾದ ನಾವು ಮಾತು ಬಂದಾಗಲೆಲ್ಲ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರ ಎಂಸಿಎಫ್ ನಮ್ಮೂರಿನಲ್ಲಿದೆ ಎಂದು ಎದೆಯುಬ್ಬಿಸುತ್ತೇವೆ. 2011ರ ಜುಲೈನಲ್ಲಿ ಜಿಸ್ಯಾಟ್-12 ಉಪಗ್ರಹವನ್ನು ಇಲ್ಲಿಂದಲೇ ಹಂತಹಂತವಾಗಿ ಮೇಲಿನ ಕಕ್ಷೆಗೆ ಏರಿಸಿದಾಗ ಯೋಜನಾ ನಿರ್ದೇಶಕಿಯಾಗಿದ್ದವರು ಟಿ.ಕೆ. ಅನುರಾಧಾ. ಅಲ್ಲಿ ಹಗಲು ರಾತ್ರಿ ಎಂಬುದಿಲ್ಲ, ಪಾಳಿಯ ಕೆಲಸ. ಅದೇ ಜಿಲ್ಲೆಯಲ್ಲಿ ಪಿಎಚ್.ಡಿ. ಮಾಡುವ ಹುಡುಗಿಗೆ ಸಂಜೆ ಏಳಕ್ಕೆ ಹಾಸ್ಟೆಲ್ ಗೇಟ್!

ನನ್ನ ಅಕ್ಕನ ಮಗಳ ಸಂಶೋಧನೆ ಸಕಲೇಶಪುರದ ಕಡೆಯ ಹಳ್ಳಗಳ ಕಪ್ಪೆಗಳ ಮೇಲೆ. ಮುಂಗಾರು ಹಿಡಿದ ಮೇಲೆ, ಕತ್ತಲು ಕವಿದ ಮೇಲೆ ಗಂಡು ಕಪ್ಪೆಗಳು ಕೂಗತೊಡಗುತ್ತವೆ. ಎಷ್ಟೋ ಜಾತಿಗಳನ್ನು ಆ ಕೂಗಿನಿಂದಲೇ ಗುರುತು ಹಿಡಿಯಬೇಕು. ರೆಕಾರ್ಡರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಹಣೆಗೆ ಟಾರ್ಚ್ ಕಟ್ಟಿ, ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ಹಳ್ಳದ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ಇದಕ್ಕೆ ಪ್ರತಿ ಸಲವೂ ಅಪ್ಪನ ಸಹಿ ಇರುವ ಪತ್ರ ಬೇಕು, ಸಾಲದ್ದಕ್ಕೆ ಅಪ್ಪನೂ ಬೇಕು. ಭಾವ ಜೀಪಿನಲ್ಲಿ ಕುಳಿತು ತೂಕಡಿಸುತ್ತಾರೆ. ಅವಳದೇ ವಿಭಾಗದ ಹುಡುಗರು ಬೈಕ್ ಹತ್ತಿ ಹೊರಟರೆ ಕೇಳುವವರಿಲ್ಲ.

ಕಾಡಾನೆ ಇದೆಯಲ್ಲ ಎನ್ನುತ್ತಾರೆ. ಇದೆ, ಆ ಭಯ ಸುಳ್ಳಲ್ಲ. ಆದರೆ ಆನೆ ಗಂಡೋ ಹೆಣ್ಣೋ ಎಂದು ನೋಡಿ ಅಟ್ಟಿಸಿಕೊಂಡು ಬರುವುದಿಲ್ಲ.

1933ರಲ್ಲಿ ಕಮಲಾ ಭಾಗವತ್, ಅಂದರೆ ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣು ಎಂಬ ಕಾರಣಕ್ಕೆ ಆಗ ಅಲ್ಲಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯವರೆಗೂ ದುಡಿಯಬೇಕು ಎಂಬುದು ಅದರಲ್ಲೊಂದು. ದುಡಿದರು, 1939ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಅಂದು ರಾತ್ರಿ ಕೆಲಸ ಮಾಡಲೇಬೇಕಿತ್ತು, ಇಂದು ಮಾಡಲೇಬಾರದು. ಷರತ್ತು ಮಾತ್ರ ಹೆಣ್ಣಿಗೇ!

2017ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸೋನಾಲಿ ಗರ್ಗ್ ಮತ್ತು ತಂಡದವರು ಪಶ್ಚಿಮ ಘಟ್ಟದ ‘ರಾತ್ರಿ ಕಪ್ಪೆ’ ಎಂಬ ಗುಂಪಿನ ಏಳು ಹೊಸ ಜಾತಿಗಳನ್ನು ಜಗತ್ತಿಗೆ ಪರಿಚಯಿಸಿದರು. ಸೋನಾಲಿ ಆಗ ಪಿಎಚ್.ಡಿ. ವಿದ್ಯಾರ್ಥಿನಿ. ಅವುಗಳಲ್ಲಿ ನಾಲ್ಕು ಜಾತಿಗಳು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಪುಟ್ಟವು, ಕೂಗು ಕೀಟದ ಸದ್ದಿನಂತೆ. ಐದು ವರ್ಷದ ಹುಡುಕಾಟದಲ್ಲಿ ಕೇರಳ, ತಮಿಳುನಾಡಿನ ಕಾಡುಗಳಲ್ಲಿ ಸಿಕ್ಕವು. ನಮ್ಮ ಬಿಸಿಲೆ ಕಾಡಿನಲ್ಲಿ ಇನ್ನೂ ಏನೇನು ಕೂಗುತ್ತಿವೆಯೋ, ಕೇಳಿಸಿಕೊಳ್ಳಲು ಯಾರನ್ನಾದರೂ ಬಿಡಬೇಕಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪಿಎಚ್.ಡಿ. ಮಾಡುವ ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿಗೂ 240 ದಿನಗಳವರೆಗೆ ಹೆರಿಗೆ, ಮಕ್ಕಳ ಆರೈಕೆಯ ರಜೆಗೂ ಅವಕಾಶವಿದೆ. ಒಳ್ಳೆಯದೇ. ಆದರೆ ಒಂದು ಮಳೆಗಾಲ ಕೈತಪ್ಪಿದರೆ ಇವಳು ಮುಂದಿನ ಜೂನ್‌ವರೆಗೆ ಕೈಕಟ್ಟಿ ಕೂರಬೇಕು. ಆ ಎರಡು ವರ್ಷ ಗೇಟಿಗೇ ಖರ್ಚಾಗಿಬಿಡುತ್ತದೆ.

ಫೆಬ್ರುವರಿ 11ರಂದು ವಿಜ್ಞಾನ ಕ್ಷೇತ್ರದ ಮಹಿಳೆಯರ ದಿನ ಮಾಡಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಸುರಿಯುವ ದುಡ್ಡಿನಲ್ಲಿ ಮಳೆಗಾಲಕ್ಕೊಂದು ಬಾಡಿಗೆ ಜೀಪ್ ಗೊತ್ತುಮಾಡಿ. ಕಾಡು ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕಳಿಸಿ. ಹೋದ ಸಮಯ, ಬಂದ ಸಮಯ ಬರೆಯಲು ಗೇಟಿನಲ್ಲಿ ಒಂದು ಪುಸ್ತಕ ಇಡಿ. ಅದರಲ್ಲಿ ಹುಡುಗರೂ ಸಹಿ ಹಾಕಲಿ.