ಟೈಪ್‌ರೈಟರಿಗೆ ಎಣ್ಣೆ ಹೊಡೆಯೋ ಪುಣ್ಯಾತ್ಮರೇ!

ಹಳೇ ಟೈಪ್‌ರೈಟರ್ ಮಾರೋರಿಗೆ ಇದೊಂದು ಚಟ. ಕೀಲಿ ಅಂಟಿಕೊಳ್ತಾ? ಡಬ್ಲ್ಯೂಡಿ-40 ತರದ ತುಕ್ಕು ಬಿಡಿಸೋ ಸ್ಪ್ರೇ ಹಿಡಿದು ಬುಸ್ಸಂತ ಹೊಡೆದೇ ಬಿಡ್ತಾರೆ. ಸ್ವಲ್ಪ ದಿನ ಎಲ್ಲಾ ಸಲೀಸು, ಅಷ್ಟರಲ್ಲಿ ಮಾಲು ಮಾರಾಟ. ಆಮೇಲೆ ದ್ರಾವಕ ಆರಿ, ಉಳಿದ ಜಿಡ್ಡು ಧೂಳು ಹಿಡಿದು ಗೋಂದಾಗುತ್ತೆ. ಅಕ್ಷರದ ಕಡ್ಡಿಗಳು ಕೂರೋ ಅರ್ಧಚಂದ್ರಾಕಾರದ ಸೆಗ್ಮೆಂಟಿಗೆ ಎಣ್ಣೆಯೇ ಬೇಡ ಮಾರಾಯ್ರೆ, ಅದರ ಸೀಳುಗಳು ಒಣಗಿರಬೇಕು! ಮಿನರಲ್ ಟರ್ಪೆಂಟೈನಿನಲ್ಲಿ (ಪೇಂಟ್ ತೆಳು ಮಾಡೋ ದ್ರಾವಕ) ಅದ್ದಿದ ಹಳೇ ಟೂತ್‌ಬ್ರಶ್ಶಿನಿಂದ ಒಂದೊಂದೇ ಸೀಳು ಉಜ್ಜಿ, ಕೀಲಿ ಒತ್ತಿ ಆಡಿಸಿ, ಕರಗಿದ ಕೊಳೆ ಒರೆಸಿ, ಮತ್ತೆ ಉಜ್ಜಬೇಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ರಬ್ಬರಿಗೆ ತಾಗಿಸಬೇಡಿ.

ಇನ್ನು "ಫುಲ್ ವರ್ಕಿಂಗ್" ಅನ್ನೋ ಸುಳ್ಳು. ರಾಶಿ ಫೋಟೋ ಹಾಕ್ತಾರೆ, ಟೈಪ್ ಮಾಡಿದ ಒಂದು ಹಾಳೆ ಮಾತ್ರ ತೋರಿಸಲ್ಲ. ಹಾಳೆ ಹೊತ್ತು ಪಕ್ಕಕ್ಕೆ ಸರಿಯೋ ಕ್ಯಾರೇಜನ್ನು ಎಳೆಯೋ ದಾರ ತುಂಡಾಗಿದ್ರೆ ಅಕ್ಷರವೆಲ್ಲ ಒಂದರ ಮೇಲೊಂದು. ಪ್ಲಾಟನ್, ಅಂದ್ರೆ ಹಾಳೆ ಸುತ್ತಿಕೊಳ್ಳೋ ಉರುಳೆಯ ರಬ್ಬರ್ ಗಟ್ಟಿಯಾಗಿದ್ರೆ ಪೂರ್ಣವಿರಾಮ ಹಾಳೆಯನ್ನೇ ತೂತು ಮಾಡುತ್ತೆ. ಹಿಂದೆ ಇನ್ನೊಂದು ಹಾಳೆ ಇಟ್ಟು ಸಂಭಾಳಿಸಬಹುದು, ಅಷ್ಟೇ.

ಶಾಯಿ ರಿಬ್ಬನ್? ಅರ್ಧ ಇಂಚಿನದು ಈಗಲೂ ಸಿಗುತ್ತೆ. ಆದ್ರೆ ಅದನ್ನು ಸುತ್ತಿರೋ ಹೊಸ ಪ್ಲಾಸ್ಟಿಕ್ ಸ್ಪೂಲ್ ಎಲ್ಲಾ ಯಂತ್ರಕ್ಕೂ ಕೂರಲ್ಲ, ರಿಬ್ಬನ್ನನ್ನು ಹಳೇ ಸ್ಪೂಲಿಗೇ ಸುತ್ತಬೇಕು. ಅದನ್ನೇ ಈ ಮಹಾಶಯರು ತುಕ್ಕು ಅಂತ ಎಸೆದಿರ್ತಾರೆ! ತುದಿ ಹತ್ತಿರದ ಲೋಹದ ಬಳೆ ಇಲ್ಲದ ರಿಬ್ಬನ್ ಬಂದ್ರಂತೂ ಎಷ್ಟೋ ಯಂತ್ರಗಳಲ್ಲಿ ಅದು ತಾನಾಗಿ ದಿಕ್ಕು ಬದಲಿಸಲ್ಲ, ಕೊನೆಗೆ ಬಂದು ನಿಂತು ಒಂದೇ ಜಾಗದಲ್ಲಿ ಏಟು ತಿಂದು ಹರಿಯುತ್ತೆ.