ಕನ್ನಡ ವಿಜ್ಞಾನ ಪುಸ್ತಕವನ್ನು ಕಂಪ್ಯೂಟರ್ ಓದಲಾರದೇ? ಒಂದು ಸ್ಪಷ್ಟನೆ

'ಸ್ಕ್ರೀನ್ ರೀಡರ್‌ಗೆ ಕನ್ನಡ ಬರುವುದಿಲ್ಲ. ದೃಷ್ಟಿದೋಷವಿರುವ ಮಕ್ಕಳಿಗೆ ಗ್ರಂಥಾಲಯದಲ್ಲಿ ವಿಜ್ಞಾನ ಕಲಿಸಲಾಗದು' ಎಂಬ ಮಾತು ಮಂಡ್ಯದ ಕಡೆ ಹರಿದಾಡುತ್ತಿದೆ. ಇದು ತಪ್ಪು. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅವುಗಳಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶ ಇ-ಸ್ಪೀಕ್ ಎಂಬ ಕೃತಕ ಧ್ವನಿಯಲ್ಲಿ ಕನ್ನಡ ಓದುತ್ತದೆ. ದನಿ ಯಾಂತ್ರಿಕ, ನಿಜ. ವೇಗ ತಗ್ಗಿಸಿದರೆ ಕಿವಿ ಹೊಂದಿಕೊಳ್ಳುತ್ತದೆ.

ತೊಡಕಿರುವುದು ಕಡತದಲ್ಲಿ. ಕನ್ನಡ ಬೆರಳಚ್ಚಿನ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಪಠ್ಯ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅದನ್ನು ಯೂನಿಕೋಡ್‌ಗೆ, ಅಂದರೆ ಯಂತ್ರವೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಬೇಕು. ಆಗ ನಡುವೆ ಇಂಗ್ಲಿಷಿನಲ್ಲಿದ್ದ ರಾಸಾಯನಿಕ ಸೂತ್ರಗಳೂ ಕನ್ನಡ ಅಕ್ಷರಗಳಾಗಿ ಕೆಡುತ್ತವೆ. ಸೂತ್ರಗಳನ್ನು ಮೊದಲೇ ಬೇರೆಡೆ ಬರೆದಿಟ್ಟು ಆಮೇಲೆ ಸೇರಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ಒಮ್ಮೆ ಕಣ್ಣಾಡಿಸಿ ನೋಡಲೇಬೇಕು.

ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ. 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ದತ್ತಾಂಶದಿಂದ ಪಠ್ಯ ತೆಗೆಯಬಹುದು. ಪುಟ ಓರೆಯಾದರೆ ಸಾಲುಗಳು ಕಲಸಿಹೋಗುತ್ತವೆ.

ಪುಸ್ತಕದ ಚಿತ್ರಗಳನ್ನು ಮಕ್ಕಳು ಬೆರಳಿನಿಂದ ಮುಟ್ಟಿ ತಿಳಿಯುವಂತೆ ಮಾಡಲು ಕಂಪ್ಯೂಟರೇ ಬೇಡ. ಪೀನ ಮಸೂರದ ಕಿರಣಚಿತ್ರಕ್ಕೆ ದಪ್ಪ ರಟ್ಟು, ಅಂಟು, ಎರಡು ಬಗೆಯ ದಾರ ಸಾಕು: ಮಸೂರಕ್ಕೆ ಸೆಣಬು, ಕಿರಣಕ್ಕೆ ನೂಲು. ಗೆರೆಗಳು ತೀರಾ ಹತ್ತಿರವಾದರೆ ಬೆರಳಿಗೆ ಒಂದೇ ಎನಿಸುತ್ತವೆ. ಒಂದು ರಟ್ಟಿಗೆ ಒಂದೇ ಚಿತ್ರ ಇರಲಿ.

'ಪುಸ್ತಕ ಸ್ಕ್ಯಾನ್ ಮಾಡಿದರೆ ಕೇಸಾಗುತ್ತದೆ' ಎಂಬ ಭಯವೂ ಬೇಡ. ಅಂಗವೈಕಲ್ಯವಿರುವವರ ಓದಿಗಾಗಿ, ಲಾಭವಿಲ್ಲದೆ, ಅವರಿಗೆ ಮಾತ್ರ ತಲುಪುವಂತೆ ಪುಸ್ತಕದ ರೂಪ ಬದಲಿಸಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆ ಪ್ರತಿಯನ್ನು ಎಲ್ಲರೂ ಇರುವ ಗುಂಪುಗಳಿಗೆ ಕಳುಹಿಸುವಂತಿಲ್ಲ.