ಸುಮ್ನೆ ನಿಂತು ನೋಡೋದೂ ಒಂದು ಕೆಲಸ

ನಾನು ಕುಂದಾಪುರದ ಕಡೆಯವನು. ಜೆರುಸಲೇಮಿಗೆ ಬಂದಿದ್ದು ಒಬ್ಬ ಅಜ್ಜನನ್ನು ನೋಡಿಕೊಳ್ಳಲು. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಜನ ಇಸ್ರೇಲಿನಲ್ಲಿ ಮಾಡುವುದು ಇದೇ ಕೆಲಸ. ಬೆಳಿಗ್ಗೆ ಎಬ್ಬಿಸುವುದು, ಸ್ನಾನ, ಮಾತ್ರೆ, ಗಾಲಿಕುರ್ಚಿ, ರಾತ್ರಿ ಮಗ್ಗುಲು ಬದಲಿಸುವುದು. ಊರಿನವರು ಫೋನಿನಲ್ಲಿ ‘ಎಂಥ ಕೆಲಸ ನಿಂದು ಅಲ್ಲಿ?’ ಅಂತ ಕೇಳಿದರೆ ‘ನೋಡ್ಕೊಳ್ಳೋದು’ ಅನ್ನುತ್ತೇನೆ. ಅಷ್ಟೇ.

ಅದೇ ಮನೆಯ ಅಜ್ಜಿಗೆ ನೋಡುವ ಇನ್ನೊಂದು ಕೆಲಸ ಇತ್ತು. ವಾರಕ್ಕೊಂದು ದಿನ ಕತ್ತಲಿರುವಾಗಲೇ ಎದ್ದು ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಕಾರು ತೆಗೆಯುತ್ತಿದ್ದರು. ಆಗ ಅವರಿಗೆ 73. ವಾಕಿಂಗ್ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಕೇಳಿದೆ. ‘ಮಹ್ಸೋಮ್‌ಗೆ’ ಅಂದರು. ಮಹ್ಸೋಮ್ ಅಂದರೆ ಹೀಬ್ರೂನಲ್ಲಿ ಚೆಕ್‌ಪೋಸ್ಟ್. ಪ್ರಾಣಿಗಳ ಬಾಯಿಗೆ ಹಾಕುವುದಕ್ಕೂ ಅದೇ ಪದ, ನಮ್ಮಲ್ಲಿ ಕರುವಿನ ಬಾಯಿಗೆ ಕಟ್ಟುವ ಕುಕ್ಕೆ ಇದೆಯಲ್ಲ, ಅದು. (ಹೀಬ್ರೂನಲ್ಲಿ ನೀನು, ನೀವು ಅನ್ನುವ ಮರ್ಯಾದೆಯ ಭೇದ ಇಲ್ಲ. ನನಗೆ ಮಾತ್ರ ಅಜ್ಜಿಯನ್ನು ಏಕವಚನದಲ್ಲಿ ಬರೆಯಲು ಕೈ ಬರುವುದಿಲ್ಲ.)

ಮಹ್ಸೋಮ್ ವಾಚ್ ಅನ್ನುವುದು ಇಸ್ರೇಲಿ ಹೆಂಗಸರ ಗುಂಪು. 2001ರಲ್ಲಿ ಶುರುವಾಯಿತು. ಗಂಡಸರನ್ನು ಸೇರಿಸಿಕೊಳ್ಳುವುದಿಲ್ಲ. ಇಬ್ಬರೋ ಮೂವರೋ ಹೋಗಿ ವೆಸ್ಟ್ ಬ್ಯಾಂಕಿನ, ಅಂದರೆ ಇಸ್ರೇಲಿ ಸೈನ್ಯದ ಹಿಡಿತದಲ್ಲಿರುವ ಪ್ಯಾಲೆಸ್ತೀನಿಯರ ನೆಲದ, ಚೆಕ್‌ಪೋಸ್ಟ್‌ಗಳಲ್ಲಿ ನಿಲ್ಲುತ್ತಾರೆ. ಸಾಲು ಎಷ್ಟುದ್ದ, ಎಷ್ಟು ಗೇಟು ತೆರೆದಿದೆ, ಯಾರನ್ನು ಯಾಕೆ ತಡೆದರು, ಎಷ್ಟು ಹೊತ್ತು ನಿಲ್ಲಿಸಿದರು ಅಂತ ನೋಡುತ್ತಾರೆ. ಬರೆದುಕೊಳ್ಳುತ್ತಾರೆ. ಮನೆಗೆ ಬಂದು ಟೈಪ್ ಮಾಡಿ ಪ್ರಕಟಿಸುತ್ತಾರೆ. ‘ಅಷ್ಟೇನಾ?’ ಅಂದೆ. ‘ಅಷ್ಟೇ’ ಅಂದರು. ಸುಮ್ನೆ ನಿಂತು ನೋಡಿ ಬರುವುದಕ್ಕೆ ಐದು ಗಂಟೆಗೆ ಏಳಬೇಕಾ ಅಂತ ಮನಸ್ಸಿನಲ್ಲೇ ನಕ್ಕಿದ್ದೆ.

2018ರ ಸೆಪ್ಟೆಂಬರಿನಲ್ಲಿ ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿತ್ತು. ಅಜ್ಜನ ಹತ್ತಿರ ಮಗಳು ಕೂತಳು. ಚೀಲ ಹೊರುವ ನೆಪದಲ್ಲಿ ನಾನು ಹೆಬ್ರಾನಿಗೆ ಹೋದೆ.

ಹೆಬ್ರಾನ್ ವೆಸ್ಟ್ ಬ್ಯಾಂಕಿನ ಊರು, ಜೆರುಸಲೇಮಿನಿಂದ ತೆಂಕಣಕ್ಕೆ ಸುಮಾರು 30 ಕಿಲೋಮೀಟರ್. ಅರಬ್ಬರು ಅದನ್ನು ಅಲ್ ಖಲೀಲ್ ಅನ್ನುತ್ತಾರೆ. ಖಲೀಲ್ ಅಂದರೆ ಗೆಳೆಯ. ಹೀಬ್ರೂ ಹೆಸರಿನಲ್ಲೂ ಗೆಳೆಯ ಅನ್ನುವ ಪದವೇ ಅಡಗಿದೆಯಂತೆ. ಎರಡೂ ಕಡೆಯವರು ಮೂಲಪುರುಷ ಎಂದು ನಂಬುವ ಅಬ್ರಹಾಮನ ಸಮಾಧಿ ಅಲ್ಲಿದೆ. 1929ರಲ್ಲಿ ಆ ಊರಿನಲ್ಲಿ 67 ಯಹೂದಿಗಳನ್ನು ಕೊಂದರು. ಎಷ್ಟೋ ಯಹೂದಿಗಳನ್ನು ಅರಬ್ ನೆರೆಯವರೇ ಮನೆಯೊಳಗೆ ಬಚ್ಚಿಟ್ಟು ಉಳಿಸಿದರು ಅನ್ನುವುದೂ ಅದೇ ದಿನದ ಕಥೆ. 1994ರ ಫೆಬ್ರವರಿಯಲ್ಲಿ ಒಬ್ಬ ಯಹೂದಿ ವಲಸಿಗ, ಅಂದರೆ ವೆಸ್ಟ್ ಬ್ಯಾಂಕಿಗೆ ಬಂದು ನೆಲೆಸಿದ ಇಸ್ರೇಲಿ, ಸಮಾಧಿಯ ಮಸೀದಿಗೆ ನುಗ್ಗಿ ನಮಾಜಿನಲ್ಲಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಸಮಾಧಿಯ ಕಟ್ಟಡವನ್ನೇ ಎರಡು ಭಾಗ ಮಾಡಿದರು. 1997ರ ಒಪ್ಪಂದದಲ್ಲಿ ಊರನ್ನೂ ಮಾಡಿದರು. ಎಚ್1 ಪ್ಯಾಲೆಸ್ತೀನಿಯರ ಆಡಳಿತಕ್ಕೆ. ಊರಿನ ಐದರಲ್ಲೊಂದು ಪಾಲು, ಎಚ್2, ಇಸ್ರೇಲಿ ಸೈನ್ಯದ ಕೈಗೆ. ಅದರಲ್ಲಿ ಕೆಲವು ನೂರು ಯಹೂದಿ ವಲಸಿಗರು, ಸುತ್ತ ಮೂವತ್ತು ಸಾವಿರಕ್ಕೂ ಜಾಸ್ತಿ ಪ್ಯಾಲೆಸ್ತೀನಿಯರು.

ಆ ಕೆಲವು ನೂರು ಜನರ ಕಾವಲಿಗೆ ಊರಿನ ನಡುವೆ ಎಷ್ಟು ಗೇಟುಗಳಿವೆ ಅನ್ನುವುದನ್ನು ನಡೆದೇ ನೋಡಬೇಕು. ಶುಹದಾ ಬೀದಿ ಒಂದು ಕಾಲದಲ್ಲಿ ಪೇಟೆಯ ನಡುಬೀದಿ. ಈಗ ಅಂಗಡಿ ಬಾಗಿಲುಗಳಿಗೆ ಬೆಸುಗೆ ಹಾಕಿದೆ. ಬಹುಭಾಗದಲ್ಲಿ ಪ್ಯಾಲೆಸ್ತೀನಿಯರು ನಡೆಯುವಂತಿಲ್ಲ. ಮನೆ ಬಾಗಿಲು ಆ ಬೀದಿಗೇ ತೆರೆಯುವವರು ಹಿಂದಿನಿಂದ, ಪಕ್ಕದ ಮನೆಯ ತಾರಸಿ ಹತ್ತಿ ಓಡಾಡುತ್ತಾರೆ. ಹಳೇ ಪೇಟೆಯ ಓಣಿಗಳ ಮೇಲೆ ತಂತಿಬಲೆ ಕಟ್ಟಿದ್ದಾರೆ. ಮೇಲಿನ ಮನೆಗಳ ವಲಸಿಗರು ಎಸೆದ ಕಸ, ಬಾಟಲಿ, ಕಲ್ಲು ಅದರಲ್ಲಿ ನೇತಾಡುತ್ತಿತ್ತು. ಬಲೆ ನೀರನ್ನು ತಡೆಯುವುದಿಲ್ಲ. ಎಂಥ ನೀರು ಅಂತ ಕೇಳಬೇಡಿ.

ಬೆಳಿಗ್ಗೆ ಏಳೂವರೆ. ಶಾಲೆಯ ಹೊತ್ತು. ಆಳೆತ್ತರದ ಕಬ್ಬಿಣದ ತಿರುಗುಬಾಗಿಲು, ಆಚೆ ಸೈನಿಕರ ಗಾಜಿನ ಗೂಡು. ಮಕ್ಕಳು ಒಬ್ಬೊಬ್ಬರಾಗಿ ಕಂಬಿ ತಳ್ಳಿ ಬರುತ್ತಿದ್ದರು. ಸುಮಾರು ಎಂಟು ವರ್ಷದ ಒಬ್ಬ ಹುಡುಗ. ಅವನ ಬೆನ್ನಿನ ಚೀಲ ಕಂಬಿಗೆ ಸಿಕ್ಕಿಕೊಂಡಿತು. ಹಿಂದೆ ಹೋಗಲಾಗದು, ಮುಂದೆ ಬರಲಾಗದು. ಅವನು ಅಳಲಿಲ್ಲ. ಒಂದು ಭುಜದ ಪಟ್ಟಿ ಜಾರಿಸಿ, ಚೀಲ ಎದೆಗೆ ತಿರುಗಿಸಿಕೊಂಡು, ಬದಿಗೆ ವಾಲಿ ಹೊರಬಂದ. ದಿನಾ ಮಾಡಿ ರೂಢಿ ಇದ್ದವನ ಹಾಗೆ. ಸೈನಿಕ ಚೀಲ ಬಿಚ್ಚಿಸಿದ. ಪುಸ್ತಕ, ಬುತ್ತಿ, ಜಾಮೆಟ್ರಿ ಪೆಟ್ಟಿಗೆ. ಪೆಟ್ಟಿಗೆಯ ಕೈವಾರದ ಮೊನೆಯನ್ನು ಸೈನಿಕ ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೂ ಹತ್ತೊಂಬತ್ತು ಇದ್ದೀತು, ಮೀಸೆ ಸರಿಯಾಗಿ ಬಂದಿರಲಿಲ್ಲ. 2015–16ರಲ್ಲಿ ಇಂಥ ಗೇಟುಗಳಲ್ಲೇ ಚೂರಿ ಇರಿತಗಳಾಗಿದ್ದವು. ‘ಹುಡುಗನಿಗೂ ಹೆದರಿಕೆ’ ಅಂತ ಅಜ್ಜಿ ಪಿಸುಗುಟ್ಟಿದರು, ಯಾವ ಹುಡುಗ ಅಂತ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದರು: 7.34, ಚೀಲ ತಪಾಸಣೆ, ಮಗು, ಎರಡು ನಿಮಿಷ.

ಅವರ ಎದೆಯ ಮೇಲೆ ಕಣ್ಣಿನ ಚಿತ್ರದ ಬಿಲ್ಲೆ. ಕಾರಿನಲ್ಲಿ ಹೋಗುತ್ತಿದ್ದ ಒಬ್ಬಳು ಕಿಟಕಿ ಇಳಿಸಿ ‘ಬೊಗೆದೆತ್!’ ಅಂತ ಕೂಗಿದಳು. ದ್ರೋಹಿ ಅಂತ. ಅಜ್ಜಿ ಗಡಿಯಾರ ನೋಡಿ ಅದನ್ನೂ ಬರೆದುಕೊಂಡರು.

ಆಮೇಲೆ ಒಂದು ವಿಚಿತ್ರ. ಶುಹದಾ ಬೀದಿಯ ಕೊನೆಯಲ್ಲಿ ಎಚ್1ಗೆ ದಾಟುವ ಗೇಟು ಇದೆ. ಅಜ್ಜಿ ಇಸ್ರೇಲಿ, ಅವರು ಆಚೆ ಹೋಗುವಂತಿಲ್ಲ. ಆಚೆ ನಿಂತಿದ್ದ ಪ್ಯಾಲೆಸ್ತೀನಿ ಮುದುಕ ಈಚೆ ಬರಬೇಕಾದರೆ ಸೈನಿಕರ ಪಟ್ಟಿಯಲ್ಲಿ ಅವನ ನಂಬರ್ ಇರಬೇಕು. ಸಾವಿರಾರು ಮೈಲಿ ದೂರದಿಂದ ಬಂದ ನಾನು ಮಾತ್ರ ಭಾರತದ ಪಾಸ್‌ಪೋರ್ಟ್ ತೋರಿಸಿ ಪೇಟೆಗೆ ಹೋಗಿ ಬಂದೆ. ಹೆಬ್ರಾನಿನ ದ್ರಾಕ್ಷಿ ಹೆಸರುವಾಸಿ. ಅದರ ರಸ ಕಾಯಿಸಿ ದಿಬ್ಸ್ ಅಂತ ಮಾಡುತ್ತಾರೆ, ಥೇಟ್ ನಮ್ಮ ಜೋನಿಬೆಲ್ಲದ ಹಾಗೆ. ಒಂದು ಬಾಟಲಿ ತಂದುಕೊಟ್ಟೆ. ಇಪ್ಪತ್ತು ವರ್ಷಗಳಿಂದ ಆ ಅಂಗಡಿ ಬೀದಿಗೆ ಹೋಗದ ಅಜ್ಜಿ ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡರು.

ಬರುವಾಗ ಕಾರಿನಲ್ಲಿ ಜಗಳವಾಡಿದೆ ಅನ್ನಿ. ‘ನೀವು ಆ ಸೈನಿಕನಿಗೆ ಒಂದು ಮಾತು ಹೇಳಬಹುದಿತ್ತು. ನಮ್ಮೂರಿನಲ್ಲಾಗಿದ್ದರೆ ಹತ್ತು ಜನ ಸೇರಿ ಬಿಡಿ ಸಾರ್, ಮಗು ಸಾರ್ ಅಂತ ಬಿಡಿಸುತ್ತಿದ್ದರು’ ಅಂದೆ. ಇದು ಸುಳ್ಳಲ್ಲ. ನಮ್ಮಲ್ಲಿ ಪೊಲೀಸರು ಯಾರನ್ನಾದರೂ ಹಿಡಿದರೆ ಸುತ್ತ ಪಂಚಾಯ್ತಿಕೆ ಸೇರುತ್ತದೆ. ಒಬ್ಬ ಅಂಗಲಾಚುತ್ತಾನೆ, ಒಬ್ಬ ಜೋರು ಮಾಡುತ್ತಾನೆ, ಒಬ್ಬ ಯಾರಿಗೋ ಫೋನ್ ಹಚ್ಚುತ್ತಾನೆ. ಎಷ್ಟೋ ಸಲ ಕೆಲಸವೂ ಆಗುತ್ತದೆ.

ತಾವೂ ಹಾಗೆ ಮಾಡುತ್ತಿದ್ದೆವು ಅಂದರು ಅಜ್ಜಿ. ಸೈನ್ಯದ ಕಚೇರಿಗೆ ಫೋನ್ ಮಾಡಿ ಗೇಟು ತೆರೆಸುವುದು, ಆಸ್ಪತ್ರೆಗೆ ಹೋಗುವವರನ್ನು ಮುಂದೆ ಬಿಡಿಸುವುದು. ಗುಂಪಿನೊಳಗೇ ಇದರ ಬಗ್ಗೆ ವಾದವಿತ್ತಂತೆ. ಒಬ್ಬನನ್ನು ಬಿಡಿಸಿದರೆ ಗೇಟು ಸರಿಯಿದೆ, ಸೈನಿಕ ಒಳ್ಳೆಯವನು ಅಂದ ಹಾಗಾಗುತ್ತದೆ. ಬಿಡಿಸದೆ ಬರೆದುಕೊಂಡರೆ ಆ ಮನುಷ್ಯ ಅಲ್ಲೇ ನಿಂತಿರುತ್ತಾನೆ. ‘ನೀವು ಬಂದಾಗ ಸಾಲು ಬೇಗ ಓಡುತ್ತದೆ’ ಅನ್ನುವ ಪ್ಯಾಲೆಸ್ತೀನಿಯರೂ ಇದ್ದರು, ‘ಇಲ್ಲಿ ನಿಲ್ಲಬೇಡಿ, ನಿಮ್ಮ ಸರ್ಕಾರದ ಮುಂದೆ ಹೋಗಿ ನಿಲ್ಲಿ’ ಅನ್ನುವವರೂ. ಎರಡನೆಯವರದೇ ಸರಿ ಅಂತ ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಅವರು ಹೇಳಿದಂತೆ ಅಲ್ಲಿ ನಿಲ್ಲದೆ ಇದ್ದರೆ ಸರ್ಕಾರದ ಮುಂದೆ ಹೇಳುವುದಕ್ಕೆ ಇವರ ಕೈಯಲ್ಲಿ ಏನಿರುತ್ತಿತ್ತು?

ನೋಡುವವರಲ್ಲೂ ಎಷ್ಟು ಬಗೆ! ನಾರ್ವೆ, ಇಟಲಿ, ಸ್ವೀಡನ್, ಸ್ವಿಟ್ಜರ್‌ಲೆಂಡ್, ಟರ್ಕಿಯಂಥ ದೇಶಗಳು ಕಳಿಸಿದ ವೀಕ್ಷಕ ಪಡೆಯೊಂದು 1997ರಿಂದ ಹೆಬ್ರಾನಿನಲ್ಲಿ ಸುತ್ತುತ್ತಿತ್ತು. 2002ರಲ್ಲಿ ಅವರಲ್ಲಿ ಇಬ್ಬರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಆ ಪಡೆಯವರು 40,000ಕ್ಕೂ ಹೆಚ್ಚು ಘಟನೆಗಳನ್ನು ಬರೆದಿಟ್ಟರು. ಆದರೆ ಅವರ ವರದಿ ಎರಡೂ ಕಡೆಯ ಅಧಿಕಾರಿಗಳಿಗೆ ಮತ್ತು ಕಳಿಸಿದ ದೇಶಗಳಿಗೆ ಮಾತ್ರ. ಊರಿನವರಿಗೆ ತೋರಿಸುವಂತಿಲ್ಲ. ಇದು ನನಗೆ ಅರ್ಥವೇ ಆಗುವುದಿಲ್ಲ. ಬರೆದು ಬೀರುವಿನಲ್ಲಿ ಇಡುವುದಾದರೆ ಬರೆಯುವುದು ಯಾಕೆ? 2019ರ ಜನವರಿ ಕೊನೆಗೆ ನೆತನ್ಯಾಹು ಸರ್ಕಾರ ಅವಧಿ ಮುಂದುವರಿಸಲಿಲ್ಲ, ಅವರು ಗಂಟುಮೂಟೆ ಕಟ್ಟಿದರು. ಜಗತ್ತಿನ ಚರ್ಚುಗಳ ಒಕ್ಕೂಟ ಕಳಿಸುತ್ತಿದ್ದ ಸ್ವಯಂಸೇವಕರೂ ಅದೇ ತಿಂಗಳು, ಕಿರುಕುಳ ತಾಳದೆ, ಹೆಬ್ರಾನ್ ಬಿಟ್ಟರು. ಅವರು ಮಕ್ಕಳ ಜೊತೆ ಶಾಲೆಯ ತನಕ ನಡೆದು ಹೋಗುತ್ತಿದ್ದರು. ಆ ಸಣ್ಣ ಕೆಲಸ ನನಗೆ ದೇಶಗಳ ಪಡೆಗಿಂತ ದೊಡ್ಡದು ಅನಿಸುತ್ತದೆ.

ಇನ್ನೊಂದು ದಾರಿ ಊರಿನವರದೇ. ಬಿಟ್ಸೆಲೆಮ್ ಅನ್ನುವ ಇಸ್ರೇಲಿ ಸಂಸ್ಥೆ 2007ರಿಂದ ಪ್ಯಾಲೆಸ್ತೀನಿ ಮನೆಗಳಿಗೆ ಕ್ಯಾಮೆರಾ ಹಂಚಿತು. 2016ರ ಮಾರ್ಚಿನಲ್ಲಿ ಹೆಬ್ರಾನಿನಲ್ಲಿ, ಸೈನಿಕನನ್ನು ಇರಿದು ಗುಂಡೇಟು ತಿಂದು ನೆಲದ ಮೇಲೆ ಬಿದ್ದಿದ್ದ ಪ್ಯಾಲೆಸ್ತೀನಿಯ ತಲೆಗೆ ಇನ್ನೊಬ್ಬ ಸೈನಿಕ ಗುಂಡು ಹೊಡೆದದ್ದು ಅಂಥ ಒಂದು ಕ್ಯಾಮೆರಾದಲ್ಲಿ ಸಿಕ್ಕಿತು. ಆ ಕೇಸಿನಲ್ಲಿ ದೊಡ್ಡ ಸಾಕ್ಷಿ ಅದೇ. ಗುಂಡು ಹೊಡೆದ ಸೈನಿಕನಿಗೆ ಶಿಕ್ಷೆ 18 ತಿಂಗಳು. ಅದನ್ನು 14ಕ್ಕೆ ಇಳಿಸಿದರು. ಒಂಬತ್ತು ತಿಂಗಳಿಗೆ ಅವನು ಹೊರಗೆ ಬಂದ. ನೋಡುವುದರಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಅನ್ನುವ ಲೆಕ್ಕ ಅಲ್ಲೇ ಇದೆ. 2023ರ ಅಕ್ಟೋಬರಿನಲ್ಲಿ ಹಮಾಸ್ ದಾಳಿ ಆದ ಮೇಲಂತೂ ಎಚ್2ನ ಎಷ್ಟೋ ಓಣಿಗಳವರನ್ನು ವಾರಗಟ್ಟಲೆ ಮನೆಯಲ್ಲೇ ಕೂಡಿಹಾಕಿದರು, ಗೊತ್ತಾದ ಹೊತ್ತಿಗೆ ಮಾತ್ರ ಹೊರಗೆ ಬಿಟ್ಟರು.

ಹಾಗಾದರೆ ಅಜ್ಜಿಯ ನೋಟ್‌ಬುಕ್ ಯಾಕೆ ನನ್ನ ತಲೆಯಲ್ಲಿ ಕೂತಿದೆ? ಅದು ಎದುರಾಳಿಯ ಮೇಲೆ ಬರೆದ ದೂರಲ್ಲ. ತನ್ನ ಸೈನ್ಯದ ಮೇಲೆ, ತನ್ನ ಮೊಮ್ಮಗನ ವಯಸ್ಸಿನ ಹುಡುಗರ ಮೇಲೆ ಬರೆದದ್ದು. ಬೇರೆಯವರ ತಪ್ಪನ್ನು ಬರೆಯಲು ನಮ್ಮಲ್ಲಿ ಜನಕ್ಕೆ ಬರವಿಲ್ಲ. ನಮ್ಮವರದ್ದು ಅಂದ ತಕ್ಷಣ ನಮ್ಮ ಪೆನ್ನಿನಲ್ಲಿ ಶಾಯಿ ಮುಗಿಯುತ್ತದೆ, ಅಲ್ವಾ? ನಮ್ಮ ಪಂಚಾಯ್ತಿಕೆಗೆ ಇದೇ ಕೊರತೆ. ಸಿಕ್ಕಿಬಿದ್ದವನು ನಮ್ಮವನಾದರೆ ಹತ್ತು ಜನ ಸೇರುತ್ತಾರೆ. ಬೇರೆಯವನಾದರೆ ಅದೇ ಹತ್ತು ಜನ ಮೊಬೈಲು ನೋಡುತ್ತಾರೆ.

ನಾನು ಇಲ್ಲಿಗೆ ಬರುವ ಮುಂಚಿನ ಮಾತು. ಕರಾವಳಿಯಲ್ಲೇ ಒಂದು ಬಸ್ಸಿನಲ್ಲಿ ಹೋಗುತ್ತಿದ್ದೆ. ನಾಲ್ಕು ಹುಡುಗರು ಬಸ್ ನಿಲ್ಲಿಸಿ ಹತ್ತಿದರು. ಒಂದೇ ಸೀಟಿನಲ್ಲಿ ಕೂತಿದ್ದ ಕಾಲೇಜು ಹುಡುಗ, ಹುಡುಗಿಯ ಹೆಸರು ಕೇಳಿದರು. ಹೆಸರುಗಳು ಒಂದೇ ಧರ್ಮದವಲ್ಲ. ಹುಡುಗನನ್ನು ಕೆಳಗೆ ಇಳಿಸಿದರು. ಹತ್ತಿದವರು ನಮ್ಮ ಕಡೆಯವರೇ, ಒಬ್ಬನ ಮುಖ ನನಗೆ ಗುರುತಿತ್ತು. ಬಸ್ಸಿನಲ್ಲಿ ನಲವತ್ತು ಜನ ಇದ್ದೆವು. ಕಂಡಕ್ಟರ್ ಸೀಟಿ ಊದಿದ, ಬಸ್ ಹೊರಟಿತು.

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಇದನ್ನು ಅಜ್ಜಿಗೆ ಹೇಳಿದೆ. ಅಜ್ಜ ತೀರಿಕೊಂಡು, ನಾನೀಗ ಅಜ್ಜಿಯನ್ನೇ ನೋಡಿಕೊಳ್ಳುತ್ತಿದ್ದೇನೆ. ಗೇಟಿಗೆ ಹೋಗಲು ಅವರಿಂದ ಆಗುವುದಿಲ್ಲ, ಬೇರೆಯವರು ಬರೆದು ತಂದದ್ದನ್ನು ಟೈಪ್ ಮಾಡುತ್ತಾರೆ. ಅವರು ನನ್ನನ್ನು ಬೈಯಬಹುದು ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಕೇಳಿದರು, ‘ಯಾವ ದಿನ? ಎಷ್ಟು ಗಂಟೆಗೆ?’

ನನಗೆ ವರ್ಷವೂ ಸರಿಯಾಗಿ ನೆನಪಿರಲಿಲ್ಲ. ಹುಡುಗಿಯ ಮಡಿಲಲ್ಲಿ ಎರಡು ಟಿಕೆಟ್ ಇದ್ದದ್ದು ನೆನಪಿತ್ತು.